ಮದುವೆಗೆ ಸಾಕ್ಷಿ ಯಾರು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದಾಗ ಆ ‘ನೋಡು’ ಎಂಬ ಮಾತಿಗೆ ‘ಕಷ್ಟಪಟ್ಟು ಅರಿತುಕೋ’ ಎಂಬ ಅರ್ಥವಿತ್ತು. ಈಗ ಅದು ಅಕ್ಷರಶಃ ನೋಡುವುದೇ ಆಗಿಬಿಟ್ಟಿದೆ. ಮದುವೆಯ ದಿನ ಗೊತ್ತಾಗುವ ಮೊದಲೇ ಫೋಟೋ ಎಲ್ಲಿ ತೆಗೆಸುವುದು ಎಂಬ ಮಾತು ಮನೆಯಲ್ಲಿ ಏಳುತ್ತದೆ. ಅದರಲ್ಲೂ ಒಂದು ಬಗೆಯ ಚಿತ್ರ ಯುವಜನರ ಮನಸ್ಸನ್ನು ಸೆಳೆದಿದೆ: ಬೆಳಗಿನ ಜಾವದ ಬೆಟ್ಟ, ಮುಸುಕಿದ ಮಂಜು, ಮೋಡ ಕವಿದ ಬಾನು, ಬಂಡೆಯ ಅಂಚಿನಲ್ಲಿ ನಿಂತ ಇಬ್ಬರೇ ಇಬ್ಬರು. ನೆಂಟರಿಲ್ಲ, ಚಪ್ಪರವಿಲ್ಲ, ಊಟದ ಪಂಕ್ತಿಯಿಲ್ಲ. ಹೊರದೇಶಗಳಲ್ಲಿ ಕೆಲವರು ಮದುವೆಯನ್ನೇ ಹೀಗೆ ಮಾಡಿಕೊಳ್ಳುತ್ತಾರೆ. ಯಾರಿಗೂ ಹೇಳದೆ, ಇಲ್ಲವೇ ಬೆರಳೆಣಿಕೆಯ ಆಪ್ತರಿಗೆ ಮಾತ್ರ ಹೇಳಿ, ಛಾಯಾಗ್ರಾಹಕನೊಬ್ಬನನ್ನು ಕರೆದುಕೊಂಡು ಬೆಟ್ಟ ಹತ್ತಿ, ಅಲ್ಲಿ ಒಬ್ಬರಿಗೊಬ್ಬರು ಮಾತು ಕೊಟ್ಟು ಇಳಿದು ಬರುತ್ತಾರೆ. ನಮ್ಮಲ್ಲಿ ಮದುವೆ ಇನ್ನೂ ದೇವಾಲಯದಲ್ಲೇ ನಡೆಯುತ್ತಿದೆ. ಅದರ ಚಿತ್ರ ಮಾತ್ರ ಬೆಟ್ಟಕ್ಕೆ ಹೋಗಿದೆ. “ಫಾದರ್, ಮದುವೆಯೂ ಅಲ್ಲೇ ಆಗಬಾರದೇ?” ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆಯನ್ನು ನಕ್ಕು ತಳ್ಳಬಾರದು, ಗದರಿಸಿಯೂ ತಳ್ಳಬಾರದು.

ಏಕೆಂದರೆ ಅದರ ಹಿಂದೆ ನ್ಯಾಯವಾದ ಆಸೆಯೊಂದಿದೆ. ಸಾವಿರ ಜನರ ಮುಂದೆ ಮೂರು ಗಂಟೆ ವೇದಿಕೆಯ ಮೇಲೆ ನಿಂತು, ಗುರುತಿಲ್ಲದವರ ಕೈಕುಲುಕಿ, ಬಂದವರು ಹೋದ ಮೇಲೆ ವರ್ಷಗಟ್ಟಲೆ ಸಾಲ ತೀರಿಸುವ ಮದುವೆಗಳನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಪೋಪ್ ಫ್ರಾನ್ಸಿಸ್‌ರವರು 2016ರ ‘ಅಮೋರಿಸ್ ಲೆತೀಸಿಯಾ’ ಎಂಬ ತಮ್ಮ ಪತ್ರದಲ್ಲಿ ನಿಶ್ಚಿತಾರ್ಥವಾದ ಯುವಜನರಿಗೇ ನೇರವಾಗಿ ಹೇಳಿದ್ದರು: ಇತರರಿಗಿಂತ ಬೇರೆಯಾಗಿರುವ ಧೈರ್ಯ ಮಾಡಿ, ಆಡಂಬರಕ್ಕೆ ಬಲಿಯಾಗಬೇಡಿ, ಸರಳವಾದ ಮದುವೆಯನ್ನು ಆರಿಸಿಕೊಳ್ಳಿ ಎಂದು. ಆದ್ದರಿಂದ ಮದುವೆ ಚಿಕ್ಕದಾಯಿತೆಂದು ಧರ್ಮಸಭೆ ಎಂದೂ ಮುನಿಯುವುದಿಲ್ಲ. ದೊಡ್ಡ ಬೆಟ್ಟದ ಮುಂದೆ ಇಬ್ಬರು ಪುಟ್ಟದಾಗಿ ಕಾಣುವ ಚಿತ್ರದಲ್ಲಿಯೂ ಒಂದು ಸತ್ಯವಿದೆ. ಸೃಷ್ಟಿಯ ಮುಂದೆ ಮನುಷ್ಯನು ಎಷ್ಟರವನು ಎಂಬುದನ್ನು ಕಲ್ಯಾಣಮಂಟಪದ ಬಣ್ಣದ ದೀಪಗಳು ಹೇಳಲಾರವು.

ಆದರೆ ‘ಓಡಿಹೋಗಿ ಮದುವೆಯಾದರು’ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಮಂಜಿನ ಸೊಗಸಿಲ್ಲ, ಭಯವಿದೆ. 2023ರಲ್ಲಿ ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲಿಯೇ, ಬೇರೆ ಜಾತಿಯ ಯುವಕನನ್ನು ಪ್ರೀತಿಸಿದಳೆಂದು ತಂದೆಯೇ ಮಗಳನ್ನು ಕೊಂದನೆಂಬ ಆರೋಪದ ಸುದ್ದಿ ಬಂತು. ವಯಸ್ಕರಾದ ಇಬ್ಬರು ಒಪ್ಪಿ ಮದುವೆಯಾಗುವುದಕ್ಕೆ ಮನೆಯವರಾಗಲಿ ಪಂಚಾಯಿತಿಯಾಗಲಿ ಅಡ್ಡಬರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿಯೇ ಹೇಳಿತ್ತು. ಹೀಗೆ ಜೀವ ಕೈಯಲ್ಲಿ ಹಿಡಿದು ಓಡುವವರಿಗೆ ಫೋಟೋ ಬೇಡ. ಒಂದು ಚಿತ್ರವೇ ಅವರ ಸುಳಿವು ಕೊಟ್ಟುಬಿಡಬಹುದು. ಅವರು ಹುಡುಕುವುದು ಸಾಕ್ಷಿಗಳನ್ನು. 1954ರ ವಿಶೇಷ ವಿವಾಹ ಕಾಯಿದೆಯಡಿ ಮದುವೆಯಾಗಬೇಕಾದರೆ 30 ದಿನಗಳ ನೋಟಿಸಿನ ಜೊತೆಗೆ ಮೂವರು ಸಾಕ್ಷಿಗಳು ಬೇಕು. ಊರೆಲ್ಲ ಬೆನ್ನು ತಿರುಗಿಸಿದಾಗ ಆ ಮೂವರು ಸಿಗುವುದು ಎಷ್ಟು ಕಷ್ಟ! ಇದನ್ನು ಓದುತ್ತಿರುವ ತಂದೆತಾಯಿಯರಿಗೂ ಒಂದು ಮಾತು. ನಮ್ಮ ಮನೆಗಳಲ್ಲಿ ಸಂಬಂಧ ನೋಡುವಾಗ ಜ್ಞಾನಸ್ನಾನದ ನೀರಿಗಿಂತ ಜಾತಿಯ ರಕ್ತವೇ ಗಟ್ಟಿಯಾದರೆ, ಮಕ್ಕಳು ಓಡಿದಾಗ ಅವರನ್ನು ಓಡಿಸಿದವರು ಯಾರು?

ಈ ಎರಡು ಬಗೆಯ ಗುಟ್ಟಿನ ಮದುವೆಗಳ ನಡುವೆ ದಾರಿ ತೋರುವ ಇತಿಹಾಸ ಧರ್ಮಸಭೆಯಲ್ಲಿದೆ. ಮದುವೆಯನ್ನು ಉಂಟುಮಾಡುವುದು ವಧೂವರರ ಸಮ್ಮತಿ. ಆ ಸಮ್ಮತಿಯನ್ನು ಅವರ ಪರವಾಗಿ ಬೇರೆ ಯಾವ ಮಾನವ ಶಕ್ತಿಯೂ ಕೊಡಲಾರದು. ಮಧ್ಯಯುಗದ ಯೂರೋಪಿನಲ್ಲಿ ಇದರಿಂದ ಒಂದು ಸಂಕಟ ಹುಟ್ಟಿತು. ಯಾರೂ ಇಲ್ಲದ ಕಡೆ ಇಬ್ಬರು ಮಾತು ಕೊಟ್ಟುಕೊಂಡರೂ ಅದು ಮದುವೆಯೇ. ಆದರೆ ಮುಂದೊಂದು ದಿನ ಗಂಡಸು ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ಬೇರೊಬ್ಬಳ ಕೈಹಿಡಿದರೆ ಮೊದಲನೆಯವಳ ಗತಿಯೇನು? ಅವಳ ಪರವಾಗಿ ಮಾತನಾಡಲು ಯಾರೂ ಇರಲಿಲ್ಲ. ಅದಕ್ಕಾಗಿಯೇ 1563ರಲ್ಲಿ ಟ್ರೆಂಟ್ ಮಹಾಸಭೆ ‘ತಾಮೆತ್ಸಿ’ ಎಂಬ ಆಜ್ಞೆ ಹೊರಡಿಸಿತು. ಧರ್ಮಕೇಂದ್ರದ ಗುರುಗಳು ಹಾಗೂ ಇಬ್ಬರು ಮೂವರು ಸಾಕ್ಷಿಗಳ ಮುಂದೆ ಮದುವೆ ನಡೆಯಬೇಕು, ಅದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದಿತು. ಗಮನಿಸಬೇಕಾದ ಮಾತೇನೆಂದರೆ, ತಂದೆತಾಯಿ ಒಪ್ಪದ ಮದುವೆ ಮದುವೆಯೇ ಅಲ್ಲ ಎಂಬ ವಾದವನ್ನು ಅದೇ ಆಜ್ಞೆ ತಳ್ಳಿಹಾಕಿತು. ಮಕ್ಕಳ ಸ್ವಾತಂತ್ರ್ಯವೂ ಉಳಿಯಬೇಕು, ಕೊಟ್ಟ ಮಾತಿಗೆ ಸಾಕ್ಷಿಯೂ ಇರಬೇಕು. ಗುರುಗಳು ಮತ್ತು ಇಬ್ಬರು ಸಾಕ್ಷಿಗಳು ಎಂಬ ನಿಯಮ 1983ರ ಕಾನೂನು ಸಂಹಿತೆಯಲ್ಲಿಯೂ (1108ನೆಯ ವಿಧಿ) ಹಾಗೆಯೇ ಇದೆ. ಕಥೋಲಿಕರ ಮದುವೆ ಧರ್ಮಕೇಂದ್ರದ ದೇವಾಲಯದಲ್ಲಿ ನಡೆಯಬೇಕು. ಬೇರೆ ತಕ್ಕ ಸ್ಥಳದಲ್ಲಿ ನಡೆಸಬೇಕಾದರೆ ಧರ್ಮಾಧ್ಯಕ್ಷರ ಅನುಮತಿ ಬೇಕು (1118ನೆಯ ವಿಧಿ).

“ಕ್ಯಾಮೆರಾ ಇದೆಯಲ್ಲ, ಅದಕ್ಕಿಂತ ಸಾಕ್ಷಿ ಬೇಕೇ?” ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ವಿಷಯದ ತಿರುಳಿದೆ. ಫ್ರಾನ್ಸಿನ ಕಥೋಲಿಕ ತತ್ತ್ವಜ್ಞಾನಿ ಗಾಬ್ರಿಯೇಲ್ ಮಾರ್ಸೆಲ್ (1889–1973) ನೋಡುವವನಿಗೂ ಸಾಕ್ಷಿಗೂ ಇರುವ ವ್ಯತ್ಯಾಸವನ್ನು ಆಳವಾಗಿ ಚಿಂತಿಸಿದರು. ನೋಡುವವನು ಕಂಡದ್ದನ್ನು ದಾಖಲಿಸಿ ಹೊರಟುಹೋಗಬಹುದು. ಸಾಕ್ಷಿಯಾದವನು ತಾನು ಕಂಡದ್ದಕ್ಕೆ ತನ್ನನ್ನೇ ಒಪ್ಪಿಸಿಕೊಂಡಿರುತ್ತಾನೆ. ಇದನ್ನು ಮದುವೆಗೆ ಅನ್ವಯಿಸಿ ನೋಡಿ. ಕ್ಯಾಮೆರಾ ಎಲ್ಲವನ್ನೂ ಕಾಣುತ್ತದೆ, ಯಾವುದಕ್ಕೂ ಉತ್ತರ ಹೇಳುವುದಿಲ್ಲ. ಹತ್ತು ವರ್ಷಗಳ ಮೇಲೆ ಗಂಡ ಕುಡಿದು ಬಂದ ರಾತ್ರಿ ಆ ಚಿತ್ರ ಬಾಗಿಲು ತಟ್ಟಿ “ಏನಪ್ಪಾ, ಅಂದು ಏನೆಂದು ಮಾತು ಕೊಟ್ಟಿದ್ದೆ?” ಎಂದು ಕೇಳುವುದಿಲ್ಲ. ಅಂದು ರಿಜಿಸ್ಟರಿನಲ್ಲಿ ಸಹಿ ಹಾಕಿದ ಸೋದರಮಾವ ಕೇಳಬಲ್ಲ, ಗೆಳತಿ ಕೇಳಬಲ್ಲಳು. ಛಾಯಾಗ್ರಾಹಕನೂ ಮನುಷ್ಯನೇ, ಕ್ಯಾಮೆರಾ ಕೆಳಗಿಟ್ಟು ಸಹಿ ಹಾಕಿದರೆ ಅವನೂ ಸಾಕ್ಷಿಯಾಗಬಲ್ಲ. ಆದರೆ ಆಗ ಅವನ ಕೆಲಸ ಆಲ್ಬಮ್ ಕೊಟ್ಟ ದಿನಕ್ಕೆ ಮುಗಿಯುವುದಿಲ್ಲ.

ಚಿತ್ರದಲ್ಲಿ ಕಾಣದೆ ಉಳಿಯುವ ಇನ್ನೊಂದು ವಿಷಯವಿದೆ. ಕೆಜಿಎಫ್‌ನವರಾದ ನಮಗೆ ನಂದಿದುರ್ಗ ಎಂದರೆ ಎರಡು ಜಾಗ. ಒಂದು ಚಿಕ್ಕಬಳ್ಳಾಪುರದ ಕಡೆಯ 1478 ಮೀಟರ್ ಎತ್ತರದ ಬೆಟ್ಟ. ಇನ್ನೊಂದು ನಮ್ಮದೇ ನಂದಿದುರ್ಗ ಗಣಿ. ಮಂಜು ಇರುವುದು ಮೊದಲನೆಯದರಲ್ಲಿ. ಬಿಸಿಲೇರಿದರೆ ಅದೂ ಕರಗುತ್ತದೆ. ಅಲ್ಲಿ ಜೋಡಿಗಳು ಚಿತ್ರಕ್ಕೆ ನಿಲ್ಲುವ ‘ಟಿಪ್ಪು ಡ್ರಾಪ್’ ಎಂಬ ಬಂಡೆಯಿಂದ ಹಿಂದೆ ಕೈದಿಗಳನ್ನು ತಳ್ಳುತ್ತಿದ್ದರೆಂದು ಜನ ಹೇಳುತ್ತಾರೆ. ನಮ್ಮಲ್ಲಿರುವುದು ಸೈನೈಡ್ ದಿಬ್ಬಗಳು. 2018ರಲ್ಲಿ ಸಿನಿಮಾ ಬಂದ ಮೇಲೆ ಅವು ನಾಡಿಗೆಲ್ಲ ಪರಿಚಯವಾದವು. ಚಿತ್ರದಲ್ಲಿ ಅವು ಮರುಭೂಮಿಯ ಬೆಟ್ಟಗಳಂತೆ ಮನಮೋಹಕ. ಆದರೆ ಅವನ್ನು ಎಬ್ಬಿಸಿದ್ದು ಮಳೆ ಗಾಳಿಯಲ್ಲ. ನಮ್ಮ ಅಜ್ಜಂದಿರು ಭೂಮಿಯ ಆಳದಿಂದ, ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಮೀರಿದ ಆಳದಿಂದ, ಎತ್ತಿದ ಕಲ್ಲನ್ನು ಅರೆದು, ಸೈನೈಡಿನಲ್ಲಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಹುಡಿ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಹುಡಿ ಉಳಿಯಿತು. ಗಾಳಿಯ ದಿನಗಳಲ್ಲಿ ಇಂದಿಗೂ ಅದು ಲೈನ್ ಮನೆಗಳ ಒಳಗೆ ಬರುತ್ತದೆ. ಅದರ ಮುಂದೆ ನಿಂತು ಚಿತ್ರ ತೆಗೆಸುವುದು ಪಾಪವೇನಲ್ಲ. ನಮ್ಮ ಹಿನ್ನೆಲೆ ಇನ್ನೊಬ್ಬರ ಬದುಕು ಎಂಬುದನ್ನು ಮರೆಯದಿದ್ದರೆ ಸಾಕು.

ಯೇಸುಸ್ವಾಮಿ ಬೆಟ್ಟದ ಮೇಲೆ ರೂಪಾಂತರ ಹೊಂದಿದಾಗ ಪೇತ್ರನಿಗೂ ಆ ಕ್ಷಣವನ್ನು ಹಿಡಿದಿಡುವ ಆಸೆಯಾಯಿತು. ಮೂರು ಗುಡಾರ ಕಟ್ಟೋಣ ಎಂದ. ಸ್ವಾಮಿ ಅವನನ್ನು ಕೆಳಗೆ ಕರೆತಂದರು. ಅಲ್ಲಿ ರೋಗಿ ಮಗನನ್ನು ಕರೆತಂದಿದ್ದ ತಂದೆಯೊಬ್ಬ ಕಾಯುತ್ತಿದ್ದ. ಬೆಟ್ಟದ ಬೆಳಕು ಸುಳ್ಳಾಗಿರಲಿಲ್ಲ, ಆದರೆ ಅದರ ಕೆಲಸ ಬುಡದಲ್ಲಿತ್ತು. ಕಾನಾ ಊರಿನ ಮದುವೆಯನ್ನೂ ನೆನೆಯೋಣ. ಆ ವಧೂವರರ ಹೆಸರು ನಮಗೆ ಗೊತ್ತಿಲ್ಲ, ಮುಖ ಗೊತ್ತಿಲ್ಲ. ಅವರ ಮನೆಯಲ್ಲಿ ಏನು ಕಡಿಮೆಯಾಯಿತು, ಅದನ್ನು ಕಂಡು ಯಾರು ಸುಮ್ಮನಿರಲಿಲ್ಲ ಎಂಬುದು ಮಾತ್ರ ಗೊತ್ತಿದೆ. ಮಾತೆ ಮರಿಯಮ್ಮನವರು ಆ ಮದುವೆಯನ್ನು ನೋಡಲು ಮಾತ್ರ ಬಂದಿರಲಿಲ್ಲ.

ಆದ್ದರಿಂದ ಮದುವೆಯ ಸಿದ್ಧತೆಯಲ್ಲಿರುವ ಪ್ರಿಯ ಯುವಜನರೇ, ಮದುವೆ ಸರಳವಾಗಲಿ, ಸಾಲವಿಲ್ಲದೆ ಆಗಲಿ. ಬೆಟ್ಟಕ್ಕೂ ಹೋಗಿ ಬನ್ನಿ. ಚಿತ್ರ ಚೆನ್ನಾಗಿ ಬರಲಿ. ಆದರೆ ಛಾಯಾಗ್ರಾಹಕನನ್ನು ಹುಡುಕಲು ಪಡುವ ಶ್ರಮದ ಅರ್ಧವನ್ನಾದರೂ ಆ ಇಬ್ಬರು ಸಾಕ್ಷಿಗಳನ್ನು ಆರಿಸಲು ಪಡಿ. ಕೈಗೆ ಸಿಕ್ಕವರನ್ನು ಕರೆದು ಸಹಿ ಹಾಕಿಸಬೇಡಿ. ನಿಮ್ಮ ಮನೆಯಲ್ಲಿ ಬೆಳಕು ಆರಿದ ದಿನ ಕೇಳದೆಯೇ ಬಂದು ಬಾಗಿಲು ತಟ್ಟುವವರು ಯಾರೆಂದು ಇಬ್ಬರೂ ಕೂತು ಯೋಚಿಸಿ, ಅವರನ್ನು ಕೇಳಿಕೊಳ್ಳಿ. ಸಹಿ ಹಾಕಿದ ಹಿರಿಯರೇ, ನೀವು ಸಹಿ ಹಾಕಿದ ಮದುವೆಗಳು ಈಗ ಹೇಗಿವೆ? ಈ ಭಾನುವಾರ ಪೂಜೆ ಮುಗಿದ ಮೇಲೆ ಆ ಮನೆಗೊಮ್ಮೆ ಹೋಗಿ ಬನ್ನಿ.