ಬೆರಳುದ್ದದ ಸೈನಿಕನಿಗೂ ಒಂದು ಮುಖ



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಯುವಜನರ ಗುಂಪಿನ ಹುಡುಗನೊಬ್ಬ ಬೆಂಕಿಪೊಟ್ಟಣ ತೆರೆದು ತೋರಿಸಿದ. ಒಳಗೆ ಬೆರಳುದ್ದವೂ ಇಲ್ಲದ ಇಬ್ಬರು ಪ್ಲಾಸ್ಟಿಕ್ ಸೈನಿಕರು. "ಅಕ್ಕಾ, ಇವನ್ನಿಟ್ಟುಕೊಂಡು ಈಗಿನ ಕಾಲದ ಯುದ್ಧದ ಆಟ ಶುರು ಮಾಡ್ತೀವಿ. ಅಮ್ಮ ಪಾಪ ಅಂತಾರೆ. ಹೌದಾ?"

ತಕ್ಷಣ ಉತ್ತರ ಹೊಳೆಯಲಿಲ್ಲ. ಮದುಕ್ಕರೈಯಲ್ಲಿ ಸಿಮೆಂಟು ಕಾರ್ಖಾನೆಯಷ್ಟೇ ಸೈನ್ಯದ ಶಿಬಿರವೂ ನಮಗೆ ಪರಿಚಿತ. ಸೈನಿಕನೆಂದರೆ ಇಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವ ಮನುಷ್ಯ. ಅವನ ಕೆಲಸವನ್ನು ಆಟ ಮಾಡಬಹುದೇ?

ಆಟ ಹೀಗಿದೆ. ಇದರಲ್ಲಿ ಒಂದು ಬೊಂಬೆ ಎಂದರೆ ಒಬ್ಬನೇ ಮನುಷ್ಯ. ಒಂದು ಕಡೆಗೆ ಆರೆಂಟು ಜನ ಸಾಕು. ಬೊಂಬೆಗಳು ಸಾಮಾನ್ಯವಾಗಿ 28 ಮಿಲಿಮೀಟರ್ ಅಳತೆಯವು. ಮನುಷ್ಯನ 72ರಲ್ಲಿ ಒಂದು ಪಾಲಿನ ಅಳತೆಯವು ಇನ್ನೂ ಚಿಕ್ಕವು. ಊಟದ ಮೇಜು, ರಟ್ಟಿನ ಡಬ್ಬದ ಮನೆಗಳು, ಅಳತೆಯ ಟೇಪು, ದಾಳ ಇದ್ದರೆ ಆರಂಭಿಸಬಹುದು. ಟೇಪಿನಲ್ಲಿ ಅಳೆದು ಬೊಂಬೆಯನ್ನು ನಡೆಸಬೇಕು. ಗುಂಡು ತಗಲಿತೋ ಇಲ್ಲವೋ ದಾಳ ಹೇಳುತ್ತದೆ. ಆಡುವ ಮೊದಲು ಒಂದೊಂದಕ್ಕೂ ಬಣ್ಣ ಹಚ್ಚಬೇಕು.

ಆಟವಾಡುವುದೇ ತಪ್ಪೆಂದು ಧರ್ಮಸಭೆ ಹೇಳುವುದಿಲ್ಲ. ದಣಿದ ದೇಹಕ್ಕೆ ವಿಶ್ರಾಂತಿ ಬೇಕಾದ ಹಾಗೆ ಮನಸ್ಸಿಗೆ ವಿನೋದ ಬೇಕು, ಆದರೆ ಅದರಲ್ಲಿ ಇನ್ನೊಬ್ಬರಿಗೆ ಕೇಡಾಗುವ ಮಾತಾಗಲಿ ಕೃತ್ಯವಾಗಲಿ ಇರಬಾರದು ಎಂಬುದು ಸಂತ ತೋಮಾಸ್ ಅಕ್ವಿನಾಸರ ವಿಚಾರ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ, ಮೊದಲ ಮಹಾಯುದ್ಧಕ್ಕೆ ಒಂದು ವರ್ಷ ಮೊದಲು, ಆಟಿಕೆ ಸೈನಿಕರ ಆಟಕ್ಕೆ ನಿಯಮಗಳ ಪುಸ್ತಕ ಬರೆದರು. ಆಟದ ಯುದ್ಧವನ್ನು ಆಡಿದವನಿಗೆ ನಿಜವಾದ ಯುದ್ಧ ಎಷ್ಟು ದೊಡ್ಡ ಮೂರ್ಖತನವೆಂದು ತಿಳಿಯುತ್ತದೆ ಎಂಬುದು ಅವರ ವಾದ.

ಇದನ್ನೇ ಹುಡುಗನ ತಾಯಿಗೆ ಹೇಳಿದೆ. "ಟಿವಿಯಲ್ಲಿ ಮಕ್ಕಳ ಹೆಣ ನೋಡಿದ ಮೇಲೂ ಇದು ಆಟವಾ, ಮಗಳೇ? ಕೇರಂ ಇಲ್ಲವಾ?" ಎಂದರು. ಅವರ ಮಾತು ಸುಳ್ಳಲ್ಲ. ಆದರೂ ಈ ಹುಡುಗರು ಮೊಬೈಲಿನಲ್ಲಿ ದಿನಾ ಗುಂಡು ಹಾರಿಸುತ್ತಲೇ ಇದ್ದಾರೆ. ಮೇಜಿನ ಆಟದಲ್ಲಾದರೆ ಬಿದ್ದವನನ್ನು ನಮ್ಮ ಕೈಯಿಂದಲೇ ಮಲಗಿಸಬೇಕು. ಆ ವ್ಯತ್ಯಾಸ ನೋಡೋಣವೆಂದು ಅವರ ಜೊತೆ ಕುಳಿತೆ.

ಬಣ್ಣ ಹಚ್ಚುವಾಗಲೇ ಮೊದಲ ಪರೀಕ್ಷೆ ಬಂತು. ಒಂದು ಕಡೆಯವರಿಗೆ ಸಮವಸ್ತ್ರವಿತ್ತು. ಇನ್ನೊಂದು ಕಡೆಯವರಿಗೆ ಗಡ್ಡ, ತಲೆಗೆ ಸುತ್ತಿದ ಬಟ್ಟೆ. "ಇವನಿಗೆ ಬಿಳಿ ಟೋಪಿ ಹಾಕೋಣ" ಎಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ಆ ನಗು ಚುಚ್ಚಿತು.

ಯಾಕೆಂದರೆ ಇದು ಕೊಯಮತ್ತೂರು. 1997ರ ನವೆಂಬರ್ ಕೊನೆಯಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಕೊಲೆಯಾಯಿತು. ಅದರ ಹಿಂದೆಯೇ ನಡೆದ ಗಲಭೆ, ಗೋಲಿಬಾರುಗಳಲ್ಲಿ 18 ಮುಸ್ಲಿಮರು ಸತ್ತರು. 1998ರ ಫೆಬ್ರುವರಿ 14ರ ಸರಣಿ ಬಾಂಬ್ ಸ್ಫೋಟಗಳಲ್ಲಿ 58 ಜನ ಸತ್ತರು. ನಾವು ಹುಟ್ಟುವ ಮೊದಲಿನ ಮಾತು. ಆದರೂ ಯಾವ ಮುಖ ನೋಡಿ ಹೆದರಬೇಕೆಂಬ ಪಾಠ ನಮಗೂ ಇಳಿದು ಬಂದಿದೆ. ತಪ್ಪು ಮಾಡಿದವರನ್ನು ಬಿಟ್ಟು ಟೋಪಿಯನ್ನೇ ಶತ್ರು ಮಾಡಿದರೆ ಪಕ್ಕದ ಬೀದಿಯ ಟೈಲರ್ ಅಣ್ಣನೂ ಶತ್ರುವೇ. ನಾವೂ ಅಲ್ಪಸಂಖ್ಯಾತರು. ಎಲ್ಲೋ ಒಂದು ಮೇಜಿನ ಮೇಲೆ ಯಾರೋ ಶತ್ರುವಿನ ಬೊಂಬೆಗೆ ಶಿಲುಬೆಯ ಸರ ಬರೆದು ನಕ್ಕರೆ ನಮಗೆ ಹೇಗಿರುತ್ತದೆ?

ಎರಡನೆಯ ಪರೀಕ್ಷೆ ಆಡುವಾಗ ಬಂತು. ರಟ್ಟಿನ ಮನೆಯೊಳಗೆ ಒಂದು ಹೆಂಗಸಿನ ಬೊಂಬೆ ಇಟ್ಟಿದ್ದೆವು. ಬಾಗಿಲಿಗೆ ಗುಂಡು ಹೊಡೆದಾಗ ದಾಳದಲ್ಲಿ ಒಂದು ಬಿದ್ದರೆ ಅದು ಅವಳಿಗೆ. "ಆರರಲ್ಲಿ ಒಂದು ತಾನೇ, ಹೊಡಿ" ಎಂದ ಹುಡುಗ. ನಾನು ಬಿಎಸ್ಸಿಯಲ್ಲಿ ಕಲಿತ ಲೆಕ್ಕ ಹಾಕಿ ತೋರಿಸಿದೆ: ಆರು ಸಲ ಹೊಡೆದರೆ ಒಮ್ಮೆಯಾದರೂ ಅವಳಿಗೆ ತಗಲುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು. ಎಲ್ಲರೂ ಸುಮ್ಮನಾದರು. ಶಸ್ತ್ರವಿಲ್ಲದವರನ್ನೂ ಗಾಯಾಳುಗಳನ್ನೂ ಸೆರೆಯಾದವರನ್ನೂ ಗೌರವಿಸಿ ಮನುಷ್ಯರಂತೆ ನೋಡಿಕೊಳ್ಳಬೇಕೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ (ಸಂಖ್ಯೆ 2313) ಕಲಿಸುತ್ತದೆ. ದಾಳ ಬಿದ್ದದ್ದು ಅದೃಷ್ಟವಿರಬಹುದು. ದಾಳ ಎಸೆಯಲು ನಿರ್ಧರಿಸಿದ್ದು ನಾವು.

ಈಗ ನಮ್ಮದು ಮೂರು ನಿಯಮ. ಯಾವ ಧರ್ಮದ, ಭಾಷೆಯ, ಜನಾಂಗದ ಗುರುತನ್ನೂ ಶತ್ರುವಿಗೆ ಹಚ್ಚುವುದಿಲ್ಲ. ಶಸ್ತ್ರವಿಲ್ಲದವರಿಗೆ ಗುಂಡು ತಗಲಿದರೆ ಹೊಡೆದ ಕಡೆಯವರು ಆ ಕ್ಷಣವೇ ಸೋತಂತೆ. ಬಿದ್ದವನನ್ನು ಡಬ್ಬಕ್ಕೆ ಎಸೆಯುವುದಿಲ್ಲ. ಅವನ ಬಳಿಗೆ ಯಾರಾದರೂ ಹೋಗಲೇಬೇಕು, ಶತ್ರುವಾದರೂ ಸರಿ.

ಹಾಗಾದರೆ ಪಾಪವೇ? ನನಗೆ ತೋಚುವುದಿಷ್ಟು: ಬೊಂಬೆಯನ್ನು ಬೀಳಿಸುವುದು ಪಾಪವಲ್ಲ. ನಿಜವಾದ ಮನುಷ್ಯನನ್ನು ಬೊಂಬೆಯಂತೆ ನೋಡಲು ಮನಸ್ಸನ್ನು ಪಳಗಿಸುವುದು ಪಾಪ. ಯಾವ ಆಟ ಹಾಗೆ ಪಳಗಿಸುತ್ತದೋ ಅದನ್ನು ಬಿಡಬೇಕು, ಅದು ಮೊಬೈಲಿನದಾಗಲಿ ಮೇಜಿನದಾಗಲಿ. ಯೇಸುಸ್ವಾಮಿ ಕಫೆರ್ನೌಮಿನ ಶತಾಧಿಪತಿಯಲ್ಲಿ ಆಳುವ ಸೈನ್ಯದ ಅಧಿಕಾರಿಯನ್ನಷ್ಟೇ ನೋಡಲಿಲ್ಲ; ಅವನ ವಿಶ್ವಾಸವನ್ನು ಕಂಡು ಬೆರಗಾದರು.

ತಾಯಿ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಕ್ರಿಸ್ಮಸ್ಸಿಗೆ ಗೋದಲಿಯ ಕುರುಬರ ಬಣ್ಣ ಮಾಸಿದೆ, ಆ ಕುಂಚಗಳನ್ನು ಇತ್ತ ತನ್ನಿ ಎಂದಿದ್ದಾರೆ. ಹುಡುಗರು ಒಪ್ಪಿಕೊಂಡಿದ್ದಾರೆ.