ಅಪರ್ಣೆಯೂ ಅನ್ನಪೂರ್ಣೆಯೂ

ಜಗನ್ಮಾತೆಗೆ ನಾಮಗಳು ಸಾವಿರ. ಅವುಗಳಲ್ಲಿ ಎರಡು ನಾಮಗಳು ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ನಿಂತಂತೆ ತೋರುತ್ತವೆ. ಒಂದು ಅಪರ್ಣೆ, ಇನ್ನೊಂದು ಅನ್ನಪೂರ್ಣೆ. ಶಿವನನ್ನು ಪಡೆಯಲೆಂದು ತಪಸ್ಸಿಗೆ ಕುಳಿತ ಪಾರ್ವತಿಯು ಉದುರಿ ಬಿದ್ದ ಎಲೆಯನ್ನು ಸಹ ತಿನ್ನದೆ ಬಿಟ್ಟುದರಿಂದ ಅಪರ್ಣೆ ಎನಿಸಿದಳು. ಅದೇ ಪಾರ್ವತಿಯು ಕಾಶಿಯಲ್ಲಿ ಸೌಟು ಹಿಡಿದು ಲೋಕಕ್ಕೆಲ್ಲ ಉಣಬಡಿಸುವ ಅನ್ನಪೂರ್ಣೆಯಾದಳು. ಮಲೆನಾಡಿನ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯಾಗಿ ನೆಲೆಸಿ ಬಂದವರಿಗೆಲ್ಲ ಊಟವಿಕ್ಕುತ್ತಿದ್ದಾಳೆ. ಉಣ್ಣದೆ ಇದ್ದವಳೂ ಅವಳೇ, ಉಣಿಸುವವಳೂ ಅವಳೇ. ಹಾಗಾದರೆ ಭಕ್ತನಾದವನು ಅವಳ ಯಾವ ರೂಪವನ್ನು ಅನುಸರಿಸಬೇಕು? ಹಸಿದಿರುವುದು ಪೂಜೆಯೋ, ಉಣ್ಣುವುದು ಪೂಜೆಯೋ?

ರಾಜಧಾನಿಯಲ್ಲಿ ನೆಲಸಿದ ಕನ್ನಡಿಗರಿಗೆ ಇದು ಗ್ರಂಥಗಳ ಪ್ರಶ್ನೆ ಮಾತ್ರವಲ್ಲ. ನವರಾತ್ರಿ ಬಂದೊಡನೆ ಎದುರುಮನೆಯ ಬಾಗಿಲಿನಲ್ಲೇ ಅದು ಕಾಣಿಸಿಕೊಳ್ಳುತ್ತದೆ. ಆ ಮನೆಯಲ್ಲಿ ಒಂಬತ್ತು ದಿನವೂ ವ್ರತ. ಅಕ್ಕಿ ಇಲ್ಲ, ಗೋಧಿ ಇಲ್ಲ, ಈರುಳ್ಳಿ ಬೆಳ್ಳುಳ್ಳಿಗಳಂತೂ ಇಲ್ಲವೇ ಇಲ್ಲ. ಕುಟ್ಟುವಿನ ಹಿಟ್ಟು, ಸಿಂಗಾಡೆಯ ಹಿಟ್ಟು, ಸೈಂಧವ ಲವಣ ಇಷ್ಟರಲ್ಲೇ ಅಡಿಗೆ. ಕನ್ನಡಿಗರ ಮನೆಯಲ್ಲಾದರೋ ಬೊಂಬೆಗಳ ಮುಂದೆ ದಿನಕ್ಕೊಂದು ನೈವೇದ್ಯ. ಅಷ್ಟಮಿಯಂದೋ ನವಮಿಯಂದೋ ಎದುರುಮನೆಯವರು ಪುಟ್ಟ ಹೆಣ್ಣುಮಕ್ಕಳ ಪಾದ ತೊಳೆದು ಪೂರಿ, ಹಲ್ವ, ಕಪ್ಪು ಕಡಲೆ ಬಡಿಸುತ್ತಾರೆ. ಕನ್ನಡಿಗರ ಮನೆಗೆ ಸಂಜೆ ಬೊಂಬೆ ನೋಡಲು ಬಂದ ಮಕ್ಕಳ ಕೈಗೆ ಕಡಲೆ ಉಸಲಿ ಬೀಳುತ್ತದೆ. ಒಂದೇ ಕಡಲೆಕಾಳು ಎರಡೂ ಮನೆಗಳಲ್ಲಿ ಒಬ್ಬಳೇ ತಾಯಿಯ ಮುಂದೆ ನಿಂತಿರುತ್ತದೆ.

ಆದರೆ ಎರಡು ಮನೆಗಳಲ್ಲಿಯೂ ದಾರಿ ತಪ್ಪುವ ಸಂಭವವುಂಟು. ಉಪವಾಸವೆಂಬ ಹೆಸರಿನಲ್ಲಿ ತುಪ್ಪದಲ್ಲಿ ಕರಿದ ಆಲೂಗಡ್ಡೆ, ಸಾಬುದಾನಿಯ ವಡೆ, ಕುಟ್ಟುವಿನ ಪೂರಿ ತಟ್ಟೆ ತುಂಬಿದರೆ ಅದು ಧಾನ್ಯವನ್ನು ಬದಲಿಸಿದಂತಾಯಿತೇ ಹೊರತು ನಾಲಿಗೆಯನ್ನು ಕಟ್ಟಿದಂತಾಗಲಿಲ್ಲ. ನೈವೇದ್ಯವೆಂಬ ಹೆಸರಿನಲ್ಲಿ ಹೋಳಿಗೆ, ಮೈಸೂರು ಪಾಕು, ಕೋಡುಬಳೆಗಳು ದಿನದಿನವೂ ಸಾಲುಗಟ್ಟಿದರೆ ದೇವಿಗೆ ತೋರಿಸಿದ್ದು ಒಂದು ನಿಮಿಷ, ಉಂಡದ್ದು ಒಂಬತ್ತು ದಿನ ಎಂದಾಗುತ್ತದೆ. ಎರಡರಲ್ಲಿಯೂ ಕಳೆದುಹೋಗುವ ವಸ್ತು ಒಂದೇ, ಅದು ಅಳತೆ.

ದೇವಿಯ ಎರಡು ಕಥೆಗಳನ್ನೂ ಜೊತೆಯಲ್ಲಿಟ್ಟು ನೋಡಿದರೆ ಈ ಅಳತೆಯ ಮರ್ಮ ತಿಳಿಯುತ್ತದೆ. ಕಾಳಿದಾಸನ ‘ಕುಮಾರಸಂಭವ’ದಲ್ಲಿ ಶಿವನು ಬ್ರಹ್ಮಚಾರಿಯ ವೇಷದಲ್ಲಿ ತಪೋವನಕ್ಕೆ ಬಂದು, ಶಕ್ತಿಯನ್ನು ಅರಿತೇ ತಪಸ್ಸು ನಡೆದಿದೆಯೇ ಎಂದು ಪಾರ್ವತಿಯನ್ನು ವಿಚಾರಿಸುತ್ತಾನೆ, ಧರ್ಮಸಾಧನೆಗೆ ದೇಹವೇ ಮೊದಲ ಉಪಕರಣವೆಂದು ಎಚ್ಚರಿಸುತ್ತಾನೆ. ಕಾಶಿಯ ಕಥೆಯಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಜಗತ್ತೆಲ್ಲ ಮಾಯೆ, ಅನ್ನವೂ ಮಾಯೆ ಎಂದ ಶಿವನೇ ಕೊನೆಗೆ ಭಿಕ್ಷಾಪಾತ್ರೆ ಹಿಡಿದು ಅನ್ನಪೂರ್ಣೆಯ ಮುಂದೆ ನಿಲ್ಲುತ್ತಾನೆ. ತಪಸ್ಸು ಮಿತಿ ಮೀರಿದಾಗ ಅವನು ಅವಳಿಗೆ ದೇಹವನ್ನು ನೆನಪಿಸಿದ. ವೈರಾಗ್ಯ ಮಿತಿ ಮೀರಿದಾಗ ಅವಳು ಅವನಿಗೆ ಅನ್ನವನ್ನು ನೆನಪಿಸಿದಳು. ತೈತ್ತಿರೀಯೋಪನಿಷತ್ತಿನ ಭೃಗುವೂ ತಂದೆಯಾದ ವರುಣನ ಅಪ್ಪಣೆಯಂತೆ ಬ್ರಹ್ಮವನ್ನು ಅರಸಲು ಹೊರಟಾಗ ಮೊದಲು ಕಂಡುಕೊಂಡದ್ದು ಅನ್ನವನ್ನು. ಆನಂದದವರೆಗೆ ಏರಿದ ಮೇಲೂ ಆ ಮೊದಲ ಮೆಟ್ಟಿಲನ್ನು ನಿಂದಿಸಬಾರದೆಂಬುದೇ ಅಲ್ಲಿ ವಿಧಿಸಿದ ವ್ರತ.

ದೇಹವನ್ನು ಕಾಪಾಡುವುದು ಕೇವಲ ಸ್ವಾರ್ಥವಲ್ಲ, ಧರ್ಮ ಎಂಬ ಮಾತಿಗೆ ಇದೇ ಆಧಾರ. ಉಪಕರಣವು ತುಕ್ಕು ಹಿಡಿದರೆ ಕೆಲಸ ಕೆಡುತ್ತದೆ. ಕೆಲಸವನ್ನು ಮರೆತು ಉಪಕರಣವನ್ನೇ ಉಜ್ಜುತ್ತ ಕುಳಿತರೂ ಕೆಲಸ ಕೆಡುತ್ತದೆ. ಆಯುರ್ವೇದದ ಪರಂಪರೆಯು ಆರೋಗ್ಯವಂತನ ಲಕ್ಷಣವನ್ನು ಮೂರು ಮಾತುಗಳಲ್ಲಿ ಹೇಳುವುದುಂಟು: ಹಿತವಾದದ್ದನ್ನು ಉಣ್ಣುವುದು, ಮಿತವಾಗಿ ಉಣ್ಣುವುದು, ಋತವಾದದ್ದನ್ನು, ಅಂದರೆ ನ್ಯಾಯದಿಂದ ಬಂದುದನ್ನು ಉಣ್ಣುವುದು. ಮೊದಲಿನ ಎರಡನ್ನು ವೈದ್ಯರೂ ಹೇಳುತ್ತಾರೆ. ಮೂರನೆಯದನ್ನು ಮನಸ್ಸಾಕ್ಷಿಯೊಂದೇ ಹೇಳಬೇಕು.

ಹಿತದ ಮಾತು ಇಂದು ಬಹಳ ತುರ್ತಿನದು. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯುಳ್ಳವರ ಸಂಖ್ಯೆ ಸುಮಾರು ೧೦ ಕೋಟಿ ೧೦ ಲಕ್ಷ. ಆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಇನ್ನೂ ೧೩ ಕೋಟಿ ೬೦ ಲಕ್ಷ. ದೆಹಲಿ, ನೋಯ್ಡಾ, ಗುರುಗ್ರಾಮಗಳ ಜೀವನಕ್ರಮವಾದರೋ ಈ ಹೊಸ್ತಿಲನ್ನು ದಾಟಿಸಲೆಂದೇ ಹೇಳಿ ಮಾಡಿಸಿದಂತಿದೆ. ಹಗಲೆಲ್ಲ ಕುರ್ಚಿ, ಗಂಟೆಗೊಂದು ಸಿಹಿ ಚಹ, ಅದರೊಡನೆ ಸಮೋಸ. ರಾತ್ರಿ ತಡವಾಗಿ ಮನೆ ಸೇರಿ, ದಣಿವನ್ನೆಲ್ಲ ಊಟದಿಂದಲೇ ತೀರಿಸಿಕೊಳ್ಳುವ ಆತುರ. ಉತ್ತರದ ಪರೋಟವೂ ದಕ್ಷಿಣದ ಅನ್ನವೂ ಒಂದೇ ತಟ್ಟೆಯಲ್ಲಿ ಕೂಡಿದರೆ ಅದನ್ನು ರಾಷ್ಟ್ರೀಯ ಭಾವೈಕ್ಯವೆಂದು ಮನಸ್ಸು ಒಪ್ಪಬಹುದು, ಹೊಟ್ಟೆ ಒಪ್ಪಲಾರದು.

ಹಿತವಾದದ್ದಕ್ಕಾಗಿ ಕನ್ನಡಿಗನು ದೂರ ಹುಡುಕಬೇಕಾಗಿಲ್ಲ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹೂಡಿಸಿ, ಶ್ರೀರಾಮನಿಂದಲೇ ತೀರ್ಪು ಕೊಡಿಸಿದರು. ಆರು ತಿಂಗಳ ಸೆರೆವಾಸದಲ್ಲಿ ಅಕ್ಕಿ ಸೊರಗಿತು, ರಾಗಿ ಕೆಡದೆ ಉಳಿಯಿತು. ರಾಘವನ ಹೆಸರು ಅದಕ್ಕೆ ದೊರೆಯಿತು. ಬಡವರ ಧಾನ್ಯವೆಂದು ಉಳ್ಳವರು ಮೂಗು ಮುರಿದುದನ್ನು ದಾಸರು ದೇವರ ಸಭೆಗೆ ಏರಿಸಿದರು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ೩೦೦ ಮಿಲಿಗ್ರಾಂ ಮೀರುತ್ತದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸಿನಲ್ಲಿದೆ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಎದುರುಮನೆಯವರು ವ್ರತದಲ್ಲಿ ಅನ್ನದಂತೆ ಬೇಯಿಸುವ ‘ಸಮಾ’ ಅಕ್ಕಿಯೂ ಕನ್ನಡನಾಡಿನ ಹೊಲಗಳ ಊದಲೇ. ಆದರೆ ರಾಗಿಯೂ ಪಿಷ್ಟವೇ ಎಂಬುದನ್ನು ಮರೆಯಲಾಗದು. ಎರಡು ದೊಡ್ಡ ಮುದ್ದೆ ಉಂಡು ದಿನವೆಲ್ಲ ಕುರ್ಚಿಯಲ್ಲಿ ಕುಳಿತವನನ್ನು ರಾಘವನ ಹೆಸರೂ ಕಾಪಾಡಲಾರದು; ಆ ಮುದ್ದೆ ನೇಗಿಲು ಹಿಡಿದವನ ಕೈಗೆ ತಕ್ಕ ಅಳತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ೨೦೨೪ರಲ್ಲಿ ಹೊರಡಿಸಿದ ೧೭ ಸೂತ್ರಗಳೂ ಇದೇ ದಾರಿಯವು: ಬಗೆಬಗೆಯ ಆಹಾರವಿರಲಿ, ತರಕಾರಿ ಬೇಳೆಕಾಳುಗಳು ಹೆಚ್ಚಲಿ, ಎಣ್ಣೆ, ಉಪ್ಪು, ಸಕ್ಕರೆ ತಗ್ಗಲಿ. ದಿನಕ್ಕೆ ೫ ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚೆ, ಸಾಕೆಂಬುದು ವೈದ್ಯರ ಅಭಿಪ್ರಾಯ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ಲೆಕ್ಕವೂ ಅದರೊಳಗೇ ಸೇರಬೇಕು.

ಹಿತಕ್ಕಿಂತ ಮಿತವು ಕಠಿಣ. ಹೊಟ್ಟೆಯ ಎರಡು ಭಾಗವನ್ನು ಅನ್ನಕ್ಕೂ ಒಂದು ಭಾಗವನ್ನು ನೀರಿಗೂ ಮೀಸಲಿಟ್ಟು ನಾಲ್ಕನೆಯದನ್ನು ಬರಿದಾಗಿ ಬಿಡಬೇಕೆಂದು ವಾಗ್ಭಟನು ವಿಧಿಸಿದ್ದಾನೆ. ಆ ನಾಲ್ಕನೆಯ ಭಾಗಕ್ಕೆ ಶತ್ರು ಹಸಿವಲ್ಲ, ಉಪಚಾರ. ಸಕ್ಕರೆ ಕಾಯಿಲೆಯುಳ್ಳ ಹಿರಿಯರೊಬ್ಬರು ನವರಾತ್ರಿಯ ಪೂಜೆಗೆ ಬಂದಿದ್ದಾರೆಂದು ಭಾವಿಸಬಹುದು. ಮನೆಯೊಡತಿ ಹೋಳಿಗೆಯ ತಟ್ಟೆ ಹಿಡಿದು, “ದೇವಿಯ ಪ್ರಸಾದ ರಾಯರೇ, ಬೇಡವೆನ್ನಬಾರದು, ಇನ್ನೊಂದೇ ಒಂದು” ಎನ್ನುತ್ತಾರೆ. ರಾಯರು, “ಸಾಕು ತಾಯಿ” ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಬೇಡವೆಂದರೆ ದೇವಿಗೆ ಅಪಚಾರವೆಂಬ ಅಂಜಿಕೆ. ಬೇಕೆಂದರೆ ದೇಹಕ್ಕೆ ಅಪಚಾರ. ಇಲ್ಲಿ ತಪ್ಪು ಯಾರದು?

ಪ್ರಸಾದವೆಂಬ ಮಾತಿನಲ್ಲಿಯೇ ಇದಕ್ಕೆ ಪರಿಹಾರವಿದೆ. ದೇವಾಲಯದ ತೀರ್ಥ ಒಂದು ಉದ್ಧರಣೆ; ಪಂಚಕಜ್ಜಾಯ ಒಂದು ಚಿಟಿಕೆ. ಅದನ್ನು ಪಡೆಯಲು ಚಾಚುವ ಪಾತ್ರೆಯೂ ಅಂಗೈಯಷ್ಟೇ. ಎಂದರೆ ಪ್ರಸಾದವು ಹುಟ್ಟಿನಿಂದಲೇ ಮಿತವಾದದ್ದು. ಅದರ ಬಲವಿರುವುದು ಭಾವದಲ್ಲಿ, ಗಾತ್ರದಲ್ಲಿ ಅಲ್ಲ. ಕಣದಷ್ಟನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದ ರಾಯರ ಭಕ್ತಿ ಪೂರ್ಣವಾಯಿತು. ಎರಡನೆಯ ಹೋಳಿಗೆಯಿಂದ ಆರಂಭವಾಗುವುದು ಉಪಚಾರ ಮಾತ್ರ; ಅದಕ್ಕೆ ದೇವಿಯ ಹೆಸರನ್ನು ಸಾಕ್ಷಿಯಾಗಿ ಎಳೆಯುವುದು ನ್ಯಾಯವಲ್ಲ. ಅತಿಥಿಯನ್ನು ದೇವರೆಂದು ತಿಳಿದವರು ಅವನ ನಾಲಿಗೆಯನ್ನಷ್ಟೇ ಅಲ್ಲ, ಅವನ ನಾಳೆಯನ್ನೂ ಆದರಿಸಬೇಕು. ಬಲವಂತ ಮಾಡದೆ ಬಡಿಸುವುದನ್ನು ಕಲಿಯುವುದೂ ಒಂದು ವ್ರತವೇ.

ಉಪವಾಸಕ್ಕೂ ಇದೇ ನಿಯಮ. ಏಕಾದಶಿಯಂದು ನಿರಾಹಾರವಿದ್ದು ದ್ವಾದಶಿಯ ಬೆಳಿಗ್ಗೆ ಪಾರಣೆ ಮಾಡುವ ಮನೆತನಗಳು ರಾಜಧಾನಿಯಲ್ಲಿಯೂ ಉಂಟು. ಮಕ್ಕಳು, ವೃದ್ಧರು, ರೋಗಿಗಳಿಗೆ ಹಿರಿಯರೇ ವಿನಾಯಿತಿ ಕೊಟ್ಟಿದ್ದರು. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಅಂಥವರು ಹೊತ್ತಿಗೆ ಸರಿಯಾಗಿ ಉಣ್ಣುವುದೇ ಅವರ ಪಾಲಿನ ನಿಯಮಪಾಲನೆ.

ಇನ್ನು ಋತ. ಅನ್ನವು ನ್ಯಾಯದಿಂದ ಸಂಪಾದಿಸಿದ್ದಾಗಬೇಕೆಂಬುದು ಎಲ್ಲರೂ ಬಲ್ಲ ಅರ್ಥ. ಹಂಚಿಕೆಯಲ್ಲಿಯೂ ನ್ಯಾಯವಿರಬೇಕೆಂಬುದು ಮರೆತುಹೋಗುವ ಅರ್ಥ. ಒಂಬತ್ತು ದಿನವೂ ನೈವೇದ್ಯ ಮಾಡಿದ ಗೃಹಿಣಿ ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಏನನ್ನು ಉಣ್ಣುತ್ತಾಳೆ? ಬಹುಪಾಲು ಮನೆಗಳಲ್ಲಿ ಎಲ್ಲರ ಊಟವಾದ ಮೇಲೆ, ತಳದಲ್ಲಿ ಉಳಿದ ಹುಳಿಯನ್ನು ಹಾಕಿಕೊಂಡು, ಅಡಿಗೆಮನೆಯಲ್ಲಿ ಒಬ್ಬಳೇ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದು ಕಂಡುಬಂದಿತು. ಅನ್ನಪೂರ್ಣೆಯನ್ನು ಮಂಟಪದಲ್ಲಿ ಕೂರಿಸಿ ಮನೆಯ ಅನ್ನಪೂರ್ಣೆಯನ್ನು ಬಲವಂತದ ಅಪರ್ಣೆಯನ್ನಾಗಿ ಮಾಡಿದ ಪೂಜೆ ಯಾರನ್ನು ಮುಟ್ಟೀತು? ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಹಳಸಿದ್ದನ್ನು ಕೊಟ್ಟು ದಾನವೆಂದು ಎಣಿಸುವುದೂ, ಹತ್ತು ನಿಮಿಷದಲ್ಲಿ ತಿಂಡಿ ಬರಲಿಲ್ಲವೆಂದು ಬಿಸಿಲಿನಲ್ಲಿ ವಾಹನ ಓಡಿಸಿ ಬಂದ ಹುಡುಗನನ್ನು ಗದರಿಸುವುದೂ ಇದೇ ಲೆಕ್ಕಕ್ಕೆ ಸೇರುತ್ತವೆ. ಬಸವಣ್ಣನವರ ಕಾಲದ ಶರಣರು ಕಾಯಕದ ಜೊತೆಯಲ್ಲೇ ದಾಸೋಹವನ್ನಿಟ್ಟರು; ದುಡಿದುಣ್ಣುವುದರೊಡನೆ ಹಂಚಿ ಉಣ್ಣುವುದೂ ಸೇರಿದಾಗಲೇ ಅನ್ನವು ಪ್ರಸಾದವಾಯಿತು.

ಈ ಮೂರೂ ಒಂದೆಡೆ ಕೂಡಿದ ಬಾಳು ಕಣ್ಣೆದುರಿಗೇ ಇತ್ತು. ತುಮಕೂರಿನ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ೧೯೪೧ರಿಂದ ಮಠದ ಹೊಣೆ ಹೊತ್ತು, ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ನಿತ್ಯವೂ ಅನ್ನವಿಕ್ಕಿದರು. ಅಷ್ಟು ದೊಡ್ಡ ಒಲೆಯ ಒಡೆಯರಾಗಿದ್ದ ಅವರ ಸ್ವಂತ ಊಟ ಮಾತ್ರ ಅತ್ಯಲ್ಪವಾಗಿತ್ತು. ೨೦೧೯ರ ಜನವರಿ ೨೧ರಂದು ಶಿವೈಕ್ಯರಾದಾಗ ಅವರಿಗೆ ೧೧೧ ವರ್ಷ. ಲೋಕಕ್ಕೆ ಅನ್ನಪೂರ್ಣೆಯಾಗಿ, ತನಗೆ ಅಪರ್ಣೆಯಂತಿದ್ದ ಜೀವನವದು. ಆಯುಷ್ಯವು ಮಿತಾಹಾರದಿಂದಲೇ ಬಂದಿತೆಂದು ಸಾಧಿಸಲಾಗದು; ಬಂದ ಆಯುಷ್ಯವೆಲ್ಲ ಪರರ ಹಸಿವಿಗೆ ಸಂದಿತೆಂಬುದು ನಿಶ್ಚಯ.

ಇಲ್ಲೊಂದು ಆಕ್ಷೇಪಣೆ ಏಳಬಹುದು. ದೇಹ, ಆರೋಗ್ಯ ಎಂದು ಸದಾ ಚಿಂತಿಸುವುದೂ ದೇಹಾಭಿಮಾನವಲ್ಲವೇ? ತುತ್ತುತುತ್ತನ್ನೂ ತೂಗುತ್ತ, ಮಣಿಕಟ್ಟಿನ ಯಂತ್ರದಲ್ಲಿ ಹೆಜ್ಜೆಗಳನ್ನು ಎಣಿಸುತ್ತ, ಉಂಡವರನ್ನು ಕಂಡು ಹಂಗಿಸುವವರು ಮಹಾನಗರದಲ್ಲಿ ಕಡಿಮೆಯಿಲ್ಲ. ಆಕ್ಷೇಪಣೆ ನ್ಯಾಯವಾದದ್ದೇ. ಹೊಟ್ಟೆಬಾಕತನಕ್ಕೂ ಈ ಅತಿಚಿಂತೆಗೂ ಮೂಲ ಒಂದೇ. ಎರಡರಲ್ಲಿಯೂ ದೇಹವೇ ದೇವರು. ಇದನ್ನು ಪರೀಕ್ಷಿಸುವ ಬಗೆ ಸುಲಭ: ಉಳಿಸಿಕೊಂಡ ಶಕ್ತಿ ಯಾವುದಕ್ಕೆ ವೆಚ್ಚವಾಗುತ್ತದೆ? ಶಿಸ್ತಿನ ದಿನಚರಿಗೂ ಮಿತಾಹಾರಕ್ಕೂ ಹೆಸರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ನೂರು ವರ್ಷ ದಾಟಿ, ೧೯೬೨ರಲ್ಲಿ ತೀರಿಕೊಂಡರು. ಇಂದು ಅವರನ್ನು ನೆನೆಯುವವರು ಅವರ ಊಟದ ಪಟ್ಟಿಯನ್ನಲ್ಲ, ಕಟ್ಟಿದ ಅಣೆಕಟ್ಟುಗಳನ್ನು ನೆನೆಯುತ್ತಾರೆ. ಆರೋಗ್ಯ ಇರಬೇಕಾದುದು ಹೀಗೆ, ಮನೆಯ ಅಡಿಪಾಯದಂತೆ. ಅದು ನೆಲದೊಳಗಿದ್ದು ಮೇಲಿನದನ್ನು ಹೊರಬೇಕು.

ಇದಕ್ಕೆ ದೊಡ್ಡ ಸಂಕಲ್ಪಗಳು ಬೇಕಿಲ್ಲ. ದಿನಕ್ಕೊಂದು ಹೊತ್ತಾದರೂ ಮನೆಮಂದಿಯೆಲ್ಲ, ಅಡಿಗೆ ಮಾಡಿದವರೂ ಸೇರಿ, ಒಟ್ಟಿಗೆ ಕೂರುವುದು; ಆ ಹೊತ್ತಿನಲ್ಲಿ ದೂರದರ್ಶನವನ್ನೂ ಕೈಯ ಫೋನನ್ನೂ ಮೌನವಾಗಿಸುವುದು. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕಾದ್ದರಿಂದ ನಿಧಾನವಾಗಿ ಅಗಿದು ಉಣ್ಣುವುದು. ರಾತ್ರಿಯ ಊಟವನ್ನು ಬೇಗ ಮುಗಿಸುವುದು. ವಾರಕ್ಕೆ ೧೫೦ ನಿಮಿಷವಾದರೂ ಚುರುಕಾಗಿ ನಡೆಯುವುದು. ದಸರೆ ಕಳೆದು ದೀಪಾವಳಿ ಸಮೀಪಿಸುವಾಗ ರಾಜಧಾನಿಯ ಗಾಳಿ ಹೊಗೆಯಿಂದ ಕೆಡುವುದರಿಂದ, ಅಂಥ ದಿನಗಳಲ್ಲಿ ನಸುಕಿನ ನಡಿಗೆಯ ಬದಲು ಮನೆಯೊಳಗೇ ಸೂರ್ಯನಮಸ್ಕಾರ ಮಾಡುವುದು. ಮೊದಲ ತುತ್ತಿಗೆ ಮುನ್ನ ಒಂದು ಕ್ಷಣ ಸುಮ್ಮನಿದ್ದು, ಬೆಳೆದವರನ್ನೂ ಬೇಯಿಸಿದವರನ್ನೂ ಸ್ಮರಿಸುವುದು. ಆ ಒಂದು ಕ್ಷಣದ ಮೌನವೇ ಅಪರ್ಣೆಯ ವ್ರತ. ಅನಂತರದ ತುತ್ತು ಅನ್ನಪೂರ್ಣೆಯ ಪ್ರಸಾದ.

ತಾಯಿ ಚಾಮುಂಡೇಶ್ವರಿಯು ಈ ಮಹಾನಗರದ ಮನೆಮನೆಗಳಲ್ಲಿ ಹಸಿದವರಿಗೆ ಅನ್ನವನ್ನೂ, ಉಂಡವರಿಗೆ ಸಾಕೆನ್ನುವ ಬುದ್ಧಿಯನ್ನೂ, ಬಡಿಸುವ ಕೈಗಳಿಗೆ ತಮ್ಮ ಪಾಲಿನ ಬಿಸಿ ಊಟವನ್ನೂ ಕರುಣಿಸಲಿ.