ಮೈಗಳ್ಳ

ಸೋಮಾರಿ ಎನ್ನುವುದಕ್ಕೆ ಕನ್ನಡದಲ್ಲಿ ಇನ್ನೊಂದು ಮಾತಿದೆ: ಮೈಗಳ್ಳ. ಮೈ ಮತ್ತು ಕಳ್ಳ ಸೇರಿ ಆದ ಪದ. ಅವನು ಕದ್ದಿರುವುದು ಹಣವನ್ನಲ್ಲ, ತನ್ನ ಮೈಯನ್ನೇ. ಹಾವೇರಿ ಕಡೆಯ ನಮ್ಮ ಹಳ್ಳಿಯಲ್ಲಿ ಚಿಕ್ಕಂದಿನಿಂದ ಈ ಬೈಗುಳವನ್ನು ದಿನಕ್ಕೆ ನಾಲ್ಕು ಸಲ ಕೇಳಿದ್ದೇನೆ. ಅದರೊಳಗಿನ ವಿಚಿತ್ರ ತರ್ಕ ಹೊಳೆದದ್ದು ಮಾತ್ರ ನಲವತ್ಮೂರನೆಯ ವಯಸ್ಸಿನಲ್ಲಿ, ಪುಣೆಯ ಫ್ಲ್ಯಾಟೊಂದರಲ್ಲಿ ಅರವತ್ತು ದಿನಗಳ ವರ್ಕೌಟ್ ಹಿಡಿದಾಗ. ತನ್ನ ವಸ್ತುವನ್ನು ತಾನೇ ಕದಿಯುವುದು ಹೇಗೆ? ಮೈಗಳ್ಳ ಎಂದು ಬೈದವರ ಲೆಕ್ಕದಲ್ಲಿ ಅವನ ಮೈ ಬೇರೆ ಯಾರದೋ ಆಗಿರಬೇಕಲ್ಲ. ಯಾರದು?

ನಮ್ಮ ಅಜ್ಜಿಗೆ ಈ ವಿಷಯದಲ್ಲಿ ಗೊಂದಲ ಇರಲಿಲ್ಲ. ಮೈ ಮನೆಯದು, ಹೊಲದ್ದು, ಕೊಟ್ಟಿಗೆಯ ದನದ್ದು. ನೀರು ಸೇದದೆ, ಸಗಣಿ ಬಾಚದೆ ಚಾಪೆಯ ಮೇಲೆ ಹೊರಳುವವನು ಮನೆಗೆ ಸಲ್ಲಬೇಕಾದ್ದನ್ನು ಬಚ್ಚಿಟ್ಟುಕೊಂಡವನು. ಗರಡಿಯಲ್ಲಿ ಸಾಮು ಮಾಡುವ ಹುಡುಗರಿಗೂ ಇದೇ ನಿಯಮ. ಪೈಲ್ವಾನನಿಗೆ ಹಾಲು, ತುಪ್ಪ, ಬಾದಾಮಿಯ ಖುರಾಕು ಬೇಕು. ಬಡವರ ಮನೆಗೆ ಅದು ಆಗದ ಮಾತು. ಹಾಗಾಗಿ ಊರಿನ ಅನುಕೂಲಸ್ಥರು, ದೊಡ್ಡ ಮಟ್ಟದಲ್ಲಾದರೆ ಸಂಸ್ಥಾನದ ಅರಸರು, ಅವನನ್ನು ಸಾಕುತ್ತಿದ್ದರು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಕಾಲದ ಖಾಸಬಾಗ್ ಕುಸ್ತಿ ಮೈದಾನ ಇವತ್ತಿಗೂ ಇದೆ. ಜಾತ್ರೆಯ ಕುಸ್ತಿಯಲ್ಲಿ ಹುಡುಗ ಗೆದ್ದರೆ ‘ನಮ್ಮೂರು ಗೆದ್ದಿತು’ ಎನ್ನುತ್ತಿದ್ದರು. ಊರು ತಿನ್ನಿಸಿ ಬೆಳೆಸಿದ ಮೈ, ಊರಿಗೂ ಅದರಲ್ಲಿ ಪಾಲು.

ನಾನು ಹಿಡಿದ ವರ್ಕೌಟಿನ ಹೆಸರು ‘ಇನ್‌ಸ್ಯಾನಿಟಿ’, ಅಂದರೆ ಹುಚ್ಚು. ಇಟ್ಟವರಿಗೆ ಹೆಸರಿನ ಅರ್ಥ ಚೆನ್ನಾಗಿಯೇ ಗೊತ್ತಿತ್ತು. ಅಮೆರಿಕದ ಬೀಚ್‌ಬಾಡಿ ಕಂಪನಿ 2009ರಲ್ಲಿ ಹೊರತಂದದ್ದು. ಹೇಳಿಕೊಡುವವರು ಶಾನ್ ಟಿ. ಉಪಕರಣ ಬೇಡ, ಚಾಪೆಯಷ್ಟು ಜಾಗ ಸಾಕು. ವಾರಕ್ಕೆ ಆರು ದಿನ. ಸಾಮಾನ್ಯ ಇಂಟರ್ವಲ್ ವ್ಯಾಯಾಮದಲ್ಲಿ ಸ್ವಲ್ಪ ಹೊತ್ತು ಜೋರು, ಉಳಿದಂತೆ ನಿಧಾನ. ಇಲ್ಲಿ ಉಲ್ಟಾ: ನಿಮಿಷಗಟ್ಟಲೆ ಜೋರು, ನಡುವೆ ಕೆಲವೇ ಸೆಕೆಂಡು ಉಸಿರು. ಜೊತೆಗೆ ದಿನಕ್ಕೆ ಐದು ಸಣ್ಣ ಊಟಗಳ ಪಥ್ಯ. ಎರಡು ವಾರಕ್ಕೊಮ್ಮೆ ‘ಫಿಟ್ ಟೆಸ್ಟ್’. ನಿಮಿಷಕ್ಕೆ ಎಷ್ಟು ಜಿಗಿದೆ ಎಂದು ಬರೆದಿಡಬೇಕು. ಇಪ್ಪತ್ತು ವರ್ಷ ಎಕ್ಸೆಲ್ ಶೀಟಿನ ಮೇಲೆ ಬದುಕಿದವನಿಗೆ ಇದಕ್ಕಿಂತ ಸುಖ ಏನಿದೆ? ಬೇಸ್‌ಲೈನ್, ಮೈಲಿಗಲ್ಲು, ಕೊನೆಯ ದಿನಾಂಕ, ಎಲ್ಲ ಸಿದ್ಧ. ಶುರು ಮಾಡಲು ಕಾರಣವೂ ಸರಳ. ಅಪ್ಪನಿಗೆ ಸಕ್ಕರೆ ಕಾಯಿಲೆ, ನನ್ನ ಎಚ್‌ಬಿಎ1ಸಿ 6.1 ಬಂದಿತ್ತು. ಡಾಕ್ಟರ ಹತ್ತಿರ ಹೋಗಿ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಅವರು ಹೂಂ ಎಂದ ಮೇಲೆ ಹಿಡಿದೆ. ಅರವತ್ತು ದಿನ ಮುಗಿಯಿತು. ಸೊಂಟ ಎರಡು ಇಂಚು ಇಳಿಯಿತು, ಮುಂದಿನ ಪರೀಕ್ಷೆಯಲ್ಲಿ 5.6. ಆ ಬಗ್ಗೆ ಹೇಳಲು ಇನ್ನು ಹೆಚ್ಚಿಲ್ಲ. ಬೆವರಿನ ವರ್ಣನೆ ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ನನ್ನನ್ನು ಕಾಡಿದ್ದು ಆಫೀಸಿನ ಕ್ಯಾಂಟೀನಿನಲ್ಲಿ ನಡೆದ ಒಂದು ಮಾತು. ‘ವೆಲ್‌ನೆಸ್ ಚಾಲೆಂಜ್’ ಎಂದು ಕಂಪನಿ ಪ್ರತಿ ವರ್ಷ ನಡೆಸುತ್ತದೆ. ಹೆಜ್ಜೆ, ತೂಕ, ವರ್ಕೌಟಿನ ದಿನಗಳ ಲೆಕ್ಕ ತಂಡವಾರು ಪಟ್ಟಿಯಾಗಿ ಎಲ್ಲರಿಗೂ ಕಾಣುತ್ತದೆ. ನಾನು ಇಳಿದದ್ದನ್ನು ನೋಡಿ ಒಬ್ಬ ಕಿರಿಯ ಸಹೋದ್ಯೋಗಿ, ಒಳ್ಳೆಯ ಹುಡುಗ, ಹೇಳಿದ: “ನೋಡಿ ಸರ್, ನಿಮ್ಮ ವಯಸ್ಸಿನಲ್ಲಿ ನೀವು ಮಾಡ್ತೀರಿ ಅಂದ್ರೆ ಉಳಿದವರಿಗೆ ಏನು ನೆಪ? ದಪ್ಪ ಇರೋದು ಅಂದ್ರೆ ಶಿಸ್ತು ಇಲ್ಲ ಅಂತ ಅಷ್ಟೇ. ಅವರವರ ಬಾಡಿ, ಅವರವರ ಜವಾಬ್ದಾರಿ.” ಅಲ್ಲಿದ್ದ ಎಲ್ಲರಿಗೂ ಅವನು ಯಾರ ಬಗ್ಗೆ ಹೇಳುತ್ತಿದ್ದಾನೆಂದು ಗೊತ್ತಿತ್ತು. ಆಕೆ ಎರಡು ಮೇಜು ಆಚೆ ಊಟ ಮಾಡುತ್ತಿದ್ದರು.

ಅಜ್ಜಿಯ ಮೈಗಳ್ಳನಿಗೂ ಈ ಹುಡುಗನ ‘ಶಿಸ್ತಿಲ್ಲದವರಿಗೂ’ ಇರುವ ವ್ಯತ್ಯಾಸ ನೋಡಿ. ಅಜ್ಜಿ ಬೈದದ್ದು ಮೈಯನ್ನು ದುಡಿಮೆಗೆ ಕೊಡದವನನ್ನು. ಅವನ ಮೈ ದಪ್ಪವೋ ಸಣ್ಣವೋ ಆಕೆಗೆ ಲೆಕ್ಕವಿರಲಿಲ್ಲ. ಹುಡುಗ ಬೈಯುತ್ತಿರುವುದು ಮೈಯ ಆಕಾರವನ್ನು ನೋಡಿ. ಮೈ ಒಬ್ಬನ ಸ್ವಂತ ಆಸ್ತಿ, ಅದರ ಅಳತೆ ಅವನ ಗುಣದ ಅಳತೆ ಎಂಬುದು ಅವನ ನಂಬಿಕೆ. ಈ ನಂಬಿಕೆಯ ಮೊದಲ ಭಾಗವೇ ಸುಳ್ಳು ಎಂದು ನನ್ನ ವಾದ. ಅದಕ್ಕೆ ಸಾಕ್ಷಿ ಪುಣೆಯಲ್ಲೇ ಇದೆ.

ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ಹೊರಗೆ ತೆಳ್ಳಗೆ, ಒಳಗೆ ಕೊಬ್ಬು. ಇದು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತ ಯಾಜ್ಞಿಕರ ತಂಡ ಪುಣೆಯ ಸುತ್ತಲ ಹಳ್ಳಿಗಳ ಗರ್ಭಿಣಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿತು. ಆ ಕೂಸುಗಳ ಸರಾಸರಿ ತೂಕ 2.7 ಕಿಲೊ, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಕೂಸುಗಳದ್ದು 3.5. ನಮ್ಮ ಕೂಸುಗಳಲ್ಲಿ ಸ್ನಾಯು ಬಹಳ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಅಷ್ಟೊಂದು ಕಡಿಮೆಯಿಲ್ಲ. ಅಂದರೆ ಮೈಯ ಲೆಕ್ಕಪುಸ್ತಕ ನಾವು ತೆರೆಯುವ ಮೊದಲೇ ಅದರಲ್ಲಿ ಬರಹವಿರುತ್ತದೆ. ತಾಯಿ ಬಸುರಿಯಾಗಿದ್ದಾಗ ಏನು ಉಂಡಳು, ಎಷ್ಟು ದುಡಿದಳು, ಆಕೆಯ ತಾಯಿ ಏನು ಉಂಡಿದ್ದಳು ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಐ.ಸಿ.ಎಂ.ಆರ್. ಬೆಂಬಲದ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ಹತ್ತು ಕೋಟಿ ಜನ ಒಟ್ಟಿಗೆ ಶಿಸ್ತು ತಪ್ಪಿದರು ಎನ್ನಲು ಆಗುತ್ತದೆಯೇ?

ಇದನ್ನು ಹೇಳಿದರೆ ಹುಡುಗನ ಮರುಪ್ರಶ್ನೆ ಏನೆಂದು ನನಗೆ ಗೊತ್ತು, ಯಾಕೆಂದರೆ ಆತ ಕೇಳಿಯೇಬಿಟ್ಟ. “ಹಾಗಾದ್ರೆ ಎಲ್ಲಾ ಹಣೆಬರಹ ಅಂತ ಕೂತ್ಕೋಬೇಕಾ?” ಕೂರಬಾರದು. ನನ್ನ ಆರೂಕಾಲು 5.6ಕ್ಕೆ ಇಳಿದದ್ದು ಜಿಗಿದದ್ದರಿಂದಲೇ, ಪಥ್ಯದಿಂದಲೇ. (ಆರೂಕಾಲಲ್ಲ, 6.1; ನಮ್ಮ ಮನೆಯಲ್ಲಿ ಕಾಯಿಲೆಯ ಅಂಕಿಗಳನ್ನು ಸ್ವಲ್ಪ ಏರಿಸಿ ಹೇಳುವ ರೂಢಿ.) ಪ್ರಯತ್ನಕ್ಕೆ ಫಲವಿದೆ. ನನಗೆ ಅನುಮಾನ ಇರುವುದು ಆ ಪ್ರಯತ್ನ ಒಬ್ಬನದೇ ಎಂಬ ಮಾತಿನ ಬಗ್ಗೆ.

ನಮ್ಮ ಮನೆಯ ವ್ಯವಸ್ಥೆಯನ್ನೇ ಬಿಡಿಸಿ ನೋಡೋಣ. ನಾನು ಜಿಗಿಯುವ ನೆಲ ಕೆಳಗಿನ ಮನೆಯ ಕಾಕಾ ಅವರ ಸೂರು. ಅವರು ಬೆಳಿಗ್ಗೆ ಏಳಕ್ಕೆ ವಾಕಿಂಗ್ ಹೋಗುತ್ತಾರೆ. ಕಾಕೂಗೆ ಕಿವಿ ಮಂದ. ಆದ್ದರಿಂದ ನನ್ನ ವರ್ಕೌಟ್ ಏಳರಿಂದ ಏಳೂ ಮುಕ್ಕಾಲು. ಕಾಕಾಗೆ ನೆಗಡಿಯಾದ ದಿನ ನನಗೂ ರಜೆ. ಆ ಮುಕ್ಕಾಲು ಗಂಟೆ ನನಗೆ ಸಿಗಬೇಕಾದರೆ ಮಗಳ ಜಡೆ, ಡಬ್ಬಿ, ಶಾಲೆಯ ಬಸ್ಸು ಇನ್ನೊಬ್ಬರ ಪಾಲಿಗೆ ಹೋಗುತ್ತವೆ. ಹೆಂಡತಿಯೂ ಬ್ಯಾಂಕಿಗೆ ಒಂಬತ್ತಕ್ಕೆ ಹೊರಡುವವಳು. ಶುರು ಮಾಡುವ ಮೊದಲೇ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಐದು ಊಟ ಯಾರು ಮಾಡೋರು?” ನಾನೇ ಎಂದೆ. ರಾತ್ರಿ ಹೆಸರುಕಾಳು ನೆನೆಹಾಕುವುದು, ಮೊಳಕೆ ಕಟ್ಟುವುದು, ಮೊಟ್ಟೆ ಬೇಯಿಸುವುದು, ಜೋಳದ ರೊಟ್ಟಿ ಬಡಿಯುವುದು ನನ್ನ ಪಾಲಿಗೆ ಬಂದವು. ರೊಟ್ಟಿ ಮೊದಲ ತಿಂಗಳು ಭೂಪಟದ ಆಕಾರದಲ್ಲಿರುತ್ತಿದ್ದವು. ಆಕೆಯ ವಾಕಿಂಗಿಗೆ ಸಂಜೆಯ ಮುಕ್ಕಾಲು ಗಂಟೆ, ಆಗ ಮಗಳ ಹೋಂವರ್ಕ್ ನನ್ನದು.

ಎಲ್ಲ ಮನೆಯಲ್ಲೂ ಈ ಪ್ರಶ್ನೆ ಬರುವುದಿಲ್ಲ. ಗಂಡ ಡಯಟ್ ಮಾಡುವ ಹಲವು ಮನೆಗಳಲ್ಲಿ ಡಯಟ್ ‘ಮಾಡುವವಳು’ ಹೆಂಡತಿ. ಗಂಡ ಅದನ್ನು ತಿನ್ನುತ್ತಾನೆ. ಮೂರು ತಿಂಗಳ ನಂತರ ಫೋಟೊ ಹಾಕಿ, ಎಲ್ಲವೂ ಮನೋಬಲ ಎಂದು ಬರೆಯುತ್ತಾನೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ. ನಡುವಿನ ಇನ್ನೂರು ನಿಮಿಷದಲ್ಲಿ ‘ಇನ್‌ಸ್ಯಾನಿಟಿ’ಯನ್ನು ನಾಲ್ಕು ಸಲ ಮಾಡಿ ಸ್ನಾನವನ್ನೂ ಮುಗಿಸಬಹುದು. ಎರಡು ಮೇಜು ಆಚೆ ಕುಳಿತ ಆಕೆಯ ಮನೆಯಲ್ಲಿ ಇಬ್ಬರು ಮಕ್ಕಳೂ ಹಾಸಿಗೆ ಹಿಡಿದ ಅತ್ತೆಯೂ ಇದ್ದಾರೆ.

ಹಾಗೆಂದು ಅಜ್ಜಿಯ ಪಕ್ಷ ಹಿಡಿದು, ಹಿಂದಿನವರು ಮೈ ಬಗ್ಗಿಸಿ ದುಡಿಯುತ್ತಿದ್ದರು, ಅದೇ ಅವರ ಜಿಮ್ಮು ಎನ್ನಲೂ ಮನಸ್ಸು ಒಪ್ಪುವುದಿಲ್ಲ. ನಮ್ಮಂಥ ಊರು ಬಿಟ್ಟವರಿಗೆ ಈ ಮಾತು ಬಹಳ ಪ್ರಿಯ. ಅರವತ್ತು ದಾಟುವ ಹೊತ್ತಿಗೆ ಅಜ್ಜಿಯ ಬೆನ್ನು ನೆಲ ನೋಡುತ್ತಿತ್ತು. ದುಡಿಮೆ ಮತ್ತು ವ್ಯಾಯಾಮ ಮೈಗೆ ಒಂದೇ ಅಲ್ಲ. ಬಿಡುವಿನಲ್ಲಿ ಇಷ್ಟಪಟ್ಟು ಮಾಡುವ ಶ್ರಮದಿಂದ ಹೃದಯಕ್ಕೆ ಆಗುವ ಲಾಭ ಹೊಟ್ಟೆಪಾಡಿನ ಶ್ರಮದಿಂದ ಅಷ್ಟಾಗಿ ಕಾಣುವುದಿಲ್ಲ ಎಂದು ಇತ್ತೀಚಿನ ಹಲವು ಅಧ್ಯಯನಗಳು ಹೇಳುತ್ತವೆ. ಕೊಡುವ ಕಾರಣಗಳಲ್ಲಿ ಒಂದು ವಿಶ್ರಾಂತಿ. ಕೂಲಿಯವರಿಗೆ ಯಾವಾಗ ನಿಲ್ಲಿಸಬೇಕೆಂಬುದು ಅವರ ಕೈಯಲ್ಲಿಲ್ಲ.

ನಮ್ಮ ಮನೆಗೆ ಬರುವ ಮಾವಶಿ ದಿನಕ್ಕೆ ಆರು ಮನೆಯ ನೆಲ ಒರೆಸುತ್ತಾರೆ. ಕುಕ್ಕರುಗಾಲಲ್ಲಿ ಕೂತು, ಏಳುತ್ತ, ಮತ್ತೆ ಕೂರುತ್ತ. ನಾನು ಅದನ್ನೇ ‘ಸ್ಕ್ವಾಟ್’ ಎಂದು ಕರೆದು ಎಣಿಸುತ್ತೇನೆ, ಅದೇ ನೆಲದ ಮೇಲೆ. ಅವರಿಗೆ ಮಂಡಿ ನೋವು. ‘ಇನ್‌ಸ್ಯಾನಿಟಿ’ಯ ಐದನೆಯ ವಾರಕ್ಕೆ ‘ರಿಕವರಿ ವಾರ’ ಎಂದು ಹೆಸರು. ಹುಚ್ಚಿನ ಹೆಸರಿಟ್ಟುಕೊಂಡ ವರ್ಕೌಟಿಗೂ ಗೊತ್ತು, ನಾಲ್ಕು ವಾರ ದಣಿದ ಮೈಗೆ ಒಂದು ವಾರ ಹಗುರ ಬೇಕೆಂದು. ಆ ವಾರ ನಾನು ನಿಧಾನದ ವ್ಯಾಯಾಮ ಮಾಡುತ್ತಿದ್ದಾಗ ಮಾವಶಿ ಹಾಲು ಒರೆಸಲು ನಿಂತಿದ್ದರು. ಇವತ್ತು ಯಾಕೆ ಜಿಗಿತ ಇಲ್ಲ ಎಂದರು. ವಿವರಿಸಿದೆ. “ಸುಸ್ತಾಗೋ ಮೊದಲೇ ರಜೆಯಾ?” ಎಂದು ನಕ್ಕರು. ನಮ್ಮ ಸೊಸೈಟಿಯಲ್ಲಿ ಮಾವಶಿಯರಿಗೆ ತಿಂಗಳಿಗೆ ಎರಡು ರಜೆಯೆಂಬ ರೂಢಿ ಇತ್ತು. ನಮ್ಮ ಮನೆಯ ಮಟ್ಟಿಗೆ ಭಾನುವಾರದ ರಜೆಯನ್ನು ಸಂಬಳ ಹಿಡಿಯದೆ ಸೇರಿಸಿದೆವು. ಉಳಿದ ಐದು ಮನೆಯವರು ನಾವು ರೇಟು ಕೆಡಿಸಿದೆವೆಂದು ಗೊಣಗಿದರು. ಐದು ಮನೆಯಲ್ಲಿ ಮೂರು ಮನೆಯವರು ಜಿಮ್ಮಿಗೆ ಹೋಗುವವರು.

ನಮ್ಮ ಶರಣರು ‘ಕಾಯಕ’ ಎಂಬ ಪದವನ್ನು ಕಾಯದಿಂದಲೇ ಕಟ್ಟಿದರು, ಆದರೆ ಅದನ್ನು ಒಂಟಿಯಾಗಿ ಬಿಡಲಿಲ್ಲ. ಪಕ್ಕದಲ್ಲಿ ದಾಸೋಹವನ್ನು ಇಟ್ಟರು. ಕಾಯ ದುಡಿದದ್ದು ಹಂಚಿಹೋಗಬೇಕು. ನನ್ನ ಮುಕ್ಕಾಲು ಗಂಟೆಯ ಜಿಗಿತದಿಂದ ಹಂಚಲು ಏನೂ ಹುಟ್ಟುವುದಿಲ್ಲ, ಬೆವರಿನ ಬಟ್ಟೆಯೊಂದನ್ನು ಬಿಟ್ಟು. ಹಾಗಾದರೆ ಅದು ವ್ಯರ್ಥವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅಪ್ಪನ ಕಾಲಿನ ಹುಣ್ಣಿಗೆ ಅಮ್ಮ ಹನ್ನೊಂದು ವರ್ಷ ಪಟ್ಟಿ ಕಟ್ಟಿದ್ದಾಳೆ. ಆ ಕೆಲಸ ನಾಳೆ ನನ್ನ ಹೆಂಡತಿಗೋ ಮಗಳಿಗೋ ಬರದಂತೆ, ಬಂದರೂ ತಡವಾಗಿ ಬರುವಂತೆ ನೋಡಿಕೊಳ್ಳುವುದು ನನ್ನ ಕೈಲಾದ ಮಟ್ಟಿಗೆ ನಾನು ತೀರಿಸಬೇಕಾದ ಬಾಕಿ. ಬಾಕಿ ತೀರಿಸಿದವನಿಗೆ ರಸೀದಿ ಸಿಗುತ್ತದೆ, ಹಾರ ಹಾಕುವುದಿಲ್ಲ. ತೀರಿಸಲು ಅವಕಾಶವೇ ಸಿಗದವರನ್ನು ಸಾಲಗಳ್ಳರೆಂದು ಕರೆಯುವ ಹಕ್ಕಂತೂ ಅವನಿಗೆ ಬರುವುದಿಲ್ಲ. ವರ್ಕೌಟ್ ಮುಗಿಸಿ, ತಾನು ಉಂಡ ತಟ್ಟೆಯನ್ನು ಸಿಂಕಿನಲ್ಲಿ ಬಿಟ್ಟು, ಕನ್ನಡಿಯ ಮುಂದೆ ಹೊಟ್ಟೆಯ ಗೆರೆ ಎಣಿಸುವವನನ್ನು ಕಂಡರೆ ಅಜ್ಜಿ ಏನೆನ್ನುತ್ತಿದ್ದಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ವರ್ಷವೂ ಚಾಲೆಂಜಿನ ಮೇಲ್ ಬಂತು. ತಂಡದ ಹದಿನಾಲ್ಕು ಜನರ ಹೆಸರು, ಇವತ್ತಿನ ತೂಕ, ಗುರಿಯ ತೂಕ ತುಂಬಿಸಿ ಕಳಿಸಬೇಕು. ನೂರಕ್ಕೆ ನೂರು ಭಾಗವಹಿಸಿದ ತಂಡಕ್ಕೆ ಬಹುಮಾನ. ನನ್ನ ಹೆಸರು ಮಾತ್ರ ಬರೆದೆ, ತೂಕದ ಕಾಲಂ ಬೇಕಾದವರು ತಾವೇ ತುಂಬಲಿ, ಪಟ್ಟಿಯನ್ನು ಎಲ್ಲರಿಗೂ ತೋರಿಸುವುದು ಬೇಡ ಎಂದು ಉತ್ತರಿಸಿದೆ. ಜೊತೆಗೆ, ನಮ್ಮ ತಂಡದಲ್ಲಿ ಸಂಜೆ ಆರರಿಂದ ಎಂಟರವರೆಗೆ ಯಾರೂ ಮೀಟಿಂಗ್ ಇಡುವಂತಿಲ್ಲ ಎಂದು ಕ್ಯಾಲೆಂಡರಿನಲ್ಲಿ ಅಡ್ಡಗೀಟು ಎಳೆದೆ. ಅಮೆರಿಕದ ಕ್ಲೈಂಟಿನ ಜೊತೆ ಇದಕ್ಕೆ ಎರಡು ವಾರ ಜಗ್ಗಾಡಬೇಕಾಯಿತು. ಈಗ ಅವರ ಕಾಲ್ ಎಂಟೂವರೆಗೆ. ನಮ್ಮ ತಂಡ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದು. ಕಿರಿಯ ಸಹೋದ್ಯೋಗಿಗೆ ಅದು ಇನ್ನೂ ಬೇಸರ, ಆದರೆ ಆ ಎರಡು ಗಂಟೆಯಲ್ಲಿ ಅವನೂ ಬ್ಯಾಡ್ಮಿಂಟನ್ ಆಡುತ್ತಾನೆ. ಎರಡು ಮೇಜು ಆಚೆಯ ಆಕೆ ಆ ಹೊತ್ತಿನಲ್ಲಿ ಏನು ಮಾಡುತ್ತಾರೆಂದು ನಾನು ಕೇಳಿಲ್ಲ.